"ಐಲ್ಯಾಂಡ್‌ನಲ್ಲಿ ಟೆಂಟ್ ಹಾಕೋಕೆ ಒಳ್ಳೆ ಜಾಗ ಯಾವುದು?" ಅಂತ ಕೇಳುವವರಿಗೆ

ಮಾರ್ಚ್ ಬಂತೆಂದರೆ ಶುರು. ಮಕ್ಕಳ ಪರೀಕ್ಷೆ ಇನ್ನೂ ಮುಗಿದಿರುವುದಿಲ್ಲ, ಬೆಂಗಳೂರಿನಿಂದ, ಮೈಸೂರಿನಿಂದ ಫೋನು. "ನೀನು ಉಡುಪಿಯವಳಲ್ವಾ? ಬೇಸಿಗೆ ರಜೆಗೆ ಯಾವುದಾದ್ರೂ ಐಲ್ಯಾಂಡ್‌ನಲ್ಲಿ ಟೆಂಟ್ ಹಾಕ್ಬೇಕು. ಒಳ್ಳೆ ಜಾಗ ಹೇಳು. ಸನ್‌ಸೆಟ್ ಕಾಣ್ಬೇಕು, ಜನ ಇರ್ಬಾರ್ದು." ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಸೇಂಟ್ ಮೇರೀಸ್ ದ್ವೀಪದ ವಿಷಯ ಮುಗಿಸೋಣ. ಹೆಚ್ಚಿನವರ ತಲೆಯಲ್ಲಿ ಇರುವುದು ಅದೇ. ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋಗಬೇಕು, ಸಂಜೆಯೊಳಗೆ ವಾಪಸ್ ಬರಬೇಕು. ಮಳೆಗಾಲದಲ್ಲಿ ದೋಣಿಯೇ ಇಲ್ಲ. "ಯಾರಿಗಾದ್ರೂ ಹೇಳಿ ಒಂದು ರಾತ್ರಿ ಅಡ್ಜಸ್ಟ್ ಮಾಡ್ಸು" ಅಂತ ಕೇಳಬೇಡಿ. ನನಗೆ ಅಂಥ ಯಾರೂ ಗೊತ್ತಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು, ಬಿರುಕು ಬಿಟ್ಟು ಆದವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ ಜಾಗದಲ್ಲಿ ಗೂಟ ಹೊಡೆಯಲು, ಬೆಂಕಿ ಹಾಕಲು ಬಿಡದಿರುವುದು ಸರಿಯೇ. ಹಗಲು ಹೋಗಿ ಕಣ್ತುಂಬ ನೋಡಿ ಬನ್ನಿ. ಮುರ್ಡೇಶ್ವರದ ಕಡೆಯ ನೇತ್ರಾಣಿಯೂ ಅಷ್ಟೇ. ಅದು ಡೈವಿಂಗ್ ಮಾಡುವವರು ಹೋಗುವ ಜಾಗ.

ಹಾಗಾದರೆ ಉಳಿಯುವುದು ಕುದ್ರುಗಳು. ನಮ್ಮ ನದಿಗಳು ಸಮುದ್ರ ಸೇರುವ ಮೊದಲು ಅಗಲವಾಗಿ ಹರಡುತ್ತವೆ. ಅಲ್ಲಿ ಹೊಯಿಗೆ (ಮರಳು), ಮಣ್ಣು ನಿಂತು ನಿಂತು ನಡುವೆ ನೆಲ ಎದ್ದಿರುತ್ತದೆ. ಅದೇ ಕುದ್ರು. ಸ್ವರ್ಣಾ ನದಿಯಲ್ಲಿ ಕೆಮ್ಮಣ್ಣಿನ ಆಸುಪಾಸು ಇವೆ, ಕುಂದಾಪುರದ ಪಂಚಗಂಗಾವಳಿಯಲ್ಲಿ ಇವೆ, ಮಂಗಳೂರಿನ ಹತ್ತಿರ ನೇತ್ರಾವತಿಯಲ್ಲೂ ಇವೆ. ತೆಂಗಿನ ತೋಟ, ಸುತ್ತ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಸಂಜೆ ತಣ್ಣಗೆ ಗಾಳಿ. ಟೆಂಟ್ ಹಾಕಲು ನಮ್ಮೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಆದರೆ "ಜನ ಇರ್ಬಾರ್ದು" ಅನ್ನುವುದಿದೆಯಲ್ಲ, ಅಲ್ಲಿ ನನಗೆ ಸಿಟ್ಟು ಬರುತ್ತದೆ. ಕುದ್ರುಗಳಲ್ಲಿ ಜನ ಇದ್ದಾರೆ. ತಲೆಮಾರುಗಳಿಂದ ಇದ್ದಾರೆ. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟ ಗೊತ್ತಲ್ವಾ? ಅದನ್ನು ಕಟ್ಟಿ ಬೆಳೆಸಿದ್ದು ಒಂದು ಕುದ್ರುವಿನ ಮನೆತನ. ನೇತ್ರಾವತಿಯ ಕುದ್ರು ಪಾವೂರು ಉಳಿಯದ ಜನ ಮರಳುಗಾರಿಕೆಯಿಂದ ಕಾಲಡಿಯ ನೆಲವೇ ಕೊಚ್ಚಿಹೋಗುತ್ತಿದೆ ಅಂತ ವರ್ಷಗಳಿಂದ ಹೋರಾಡುತ್ತಿದ್ದಾರೆ. ನಾನು ನಿಮ್ಮ ಮನೆಯ ಟೆರೇಸಿನ ಮೇಲೆ ಟೆಂಟ್ ಹಾಕಿ, "ಎರಡು ದಿನ ನಿಮ್ಮ ಮನೆಯವರು ಯಾರೂ ಕಣ್ಣಿಗೆ ಬೀಳಬಾರದು" ಅಂದರೆ ನಿಮಗೆ ಹೇಗಾದೀತು?

ಒಂದು ಏಪ್ರಿಲ್‌ನಲ್ಲಿ ನಡೆದದ್ದು ಹೇಳುತ್ತೇನೆ. ಚಿಕ್ಕಮ್ಮನ ಮಗ ತನ್ನ ಆಫೀಸಿನವರನ್ನು ಕರೆದುಕೊಂಡು ಬಂದಿದ್ದ. "ಅಕ್ಕಾ, ನೀನೇ ಜೊತೆಗೆ ಬಾ" ಅಂತ ಹಠ. ಸರಿ ಅಂತ ನನಗೆ ಗುರುತಿದ್ದ ಒಬ್ಬರು ಬಾಯಮ್ಮನ ತೋಟಕ್ಕೆ ಕರೆದುಕೊಂಡು ಹೋದೆ. ಯಾವ ಕುದ್ರು ಅಂತ ಬರೆಯುವುದಿಲ್ಲ. ಬರೆದರೆ ಬರುವ ಶನಿವಾರವೇ ದಡದಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಬಾಯಮ್ಮ ಖುಷಿಯಿಂದ ತೋಟ ಗುಡಿಸಿಟ್ಟಿದ್ದರು. ಎಲ್ಲರಿಗೂ ಬೊಂಡ (ಎಳನೀರು) ಕೆತ್ತಿಸಿ ಕೊಟ್ಟರು. ಜಗಲಿಯ ಮೇಲೆ ಎರಡು ಕೊಡಪಾನ ನೀರು ತುಂಬಿಸಿ, ಮೇಲೆ ತಟ್ಟೆ ಮುಚ್ಚಿ ಇಟ್ಟಿದ್ದರು.

ಸಂಜೆ ಹುಡುಗರು ಹೊಳೆಯಲ್ಲಿ ಈಜಿ ಬಂದರು. ಮೈಯೆಲ್ಲ ಉಪ್ಪು, ಕಾಲೆಲ್ಲ ಕೆಸರು. ಒಬ್ಬ ಸೀದಾ ಜಗಲಿಗೆ ಬಂದು ಒಂದು ಕೊಡಪಾನ ಎತ್ತಿ ತಲೆಯ ಮೇಲೆ ಸುರಿದುಕೊಂಡ. ಇನ್ನೊಂದರಲ್ಲಿ ಉಳಿದವರು ಕಾಲು ತೊಳೆದರು. ನಾನು ಹಿತ್ತಿಲಲ್ಲಿದ್ದೆ. ಬರುವಾಗ ಎರಡೂ ಖಾಲಿ. ಬಾಯಮ್ಮ ಬಾಗಿಲಲ್ಲಿ ನಿಂತಿದ್ದರು, ಒಂದು ಮಾತು ಆಡಲಿಲ್ಲ. ಆ ನೀರು ಅವರ ಮಗ ಬೆಳಿಗ್ಗೆ ದಡದಿಂದ ದೋಣಿಯಲ್ಲಿ ತಂದದ್ದು. ರಾತ್ರಿಯ ಗಂಜಿಗೆ, ಮರುದಿನದ ಚಹಾಕ್ಕೆ, ಎಲ್ಲಕ್ಕೂ ಅದೇ. ಕತ್ತಲಾದ ಮೇಲೆ ಆ ಹುಡುಗ ಮತ್ತೆ ಕೊಡಪಾನ ಹೇರಿಕೊಂಡು ಹುಟ್ಟು ಹಾಕುತ್ತ ಹೋದ.

ನಾನು ಬೈದೆ. ಸುರಿದುಕೊಂಡವನು, "ಅಲ್ಲ, ಬಾವಿ ಇದೆಯಲ್ಲ ಅಂದ್ಕೊಂಡೆ" ಅಂದ. ಇದೆ. ಹತ್ತು ಹೆಜ್ಜೆ ದೂರದಲ್ಲಿ ಕಟ್ಟೆ ಕಟ್ಟಿದ ಚಂದದ ಬಾವಿ. ನೀರೂ ಇದೆ. ಒಂದು ಲೋಟ ಸೇದಿ ಕೊಟ್ಟೆ. ಬಾಯಿಗೆ ಹಾಕಿ ಉಗಿದ. "ಬೇಸಿಗೆಯಲ್ಲಿ ನಮ್ಮದು ಹೀಗೇ. ಅವರಿಗೆ ಗೊತ್ತಿಲ್ಲ ಮಾರಾಯ್ತಿ, ಬಿಡು" ಅಂದರು ಬಾಯಮ್ಮ. ಅವರು ಬಿಟ್ಟರು, ನನಗೆ ಬಿಡಲು ಆಗಲಿಲ್ಲ. ಆ ಗುಂಪಿನವರು ಊರಿಗೆ ಹೋಗಿ ವಾಟ್ಸಾಪ್‌ನಲ್ಲಿ ಬರೆದದ್ದು ಏನು ಗೊತ್ತಾ? "ಜಾಗ ಸೂಪರ್, ನೀರಿನ ವ್ಯವಸ್ಥೆ ಇಲ್ಲ."

ಹಾಗಾಗಿ, ಜಾಗ ಯಾವುದು ಅಂತ ಕೇಳುವ ಮೊದಲು "ಅಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ?" ಅಂತ ಯಾರಾದರೂ ಒಬ್ಬರು ಕೇಳಿದ್ದರೆ ನಾನು ಅರ್ಧ ಗಂಟೆ ಕೂತು ಸಂತೋಷದಿಂದ ಹೇಳುತ್ತಿದ್ದೆ. ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ.

ಕುದ್ರುವಿನ ಸಿಹಿನೀರು ಅಂದರೆ ಮಳೆಯ ನೀರು. ಹೊಯಿಗೆಯಲ್ಲಿ ಇಳಿದು ಕೆಳಗಿನ ಉಪ್ಪುನೀರಿನ ಮೇಲೆ ನಿಂತಿರುತ್ತದೆ, ಯಾಕೆಂದರೆ ಸಿಹಿನೀರು ಹಗುರ. ಮಳೆ ನಿಂತ ಮೇಲೆ ಆ ಪದರ ತೆಳ್ಳಗಾಗುತ್ತ ಬರುತ್ತದೆ. ಘಟ್ಟದಿಂದ ಹೊಳೆಗೆ ಬರುವ ನೀರೂ ಕಮ್ಮಿಯಾಗುತ್ತದೆ. ಆಗ ಭರತದ (ಉಬ್ಬರದ) ಹೊತ್ತಿಗೆ ಸಮುದ್ರದ ನೀರು ಹೊಳೆಯ ಬಾಯಿಯಾದ ಅಳಿವೆಯಿಂದ ಒಳಗೆ ಮೈಲುಗಟ್ಟಲೆ ನುಗ್ಗುತ್ತದೆ. ಅದನ್ನು ತಡೆಯಲೆಂದೇ ಹೊಳೆಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವುದು. ಆದರೆ ಕುದ್ರುಗಳು ಹೆಚ್ಚಾಗಿ ಅಣೆಕಟ್ಟಿನ ಕೆಳಗೆ, ಉಪ್ಪಿನ ಕಡೆಗೇ ಇರುತ್ತವೆ. ಒಂದು ಬಾವಿಯಿಂದ ಜಾಸ್ತಿ ನೀರು ಎಳೆದಷ್ಟೂ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅಂದರೆ ಟೆಂಟಿನವರು ಎರಡು ದಿನ ಪಂಪ್ ಹಾಕಿ ಸ್ನಾನ ಮಾಡಿ ಹೋದರೆ, ಮಳೆ ಬರುವವರೆಗೆ ಅದರ ಫಲ ಉಣ್ಣುವುದು ಮನೆಯವರು. ಪೇಟೆಯಲ್ಲೇ ಏಪ್ರಿಲ್, ಮೇ ಬಂದರೆ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ಮಂಗಳೂರಿಗೆ ಕೊಡುವ ತುಂಬೆಯಲ್ಲಿ ಎಷ್ಟಿದೆ ಅಂತ ದಿನಾ ಪೇಪರ್ ನೋಡುತ್ತೇವೆ. 2019ರ ಬೇಸಿಗೆಯಲ್ಲಿ ಉಡುಪಿ ಪೇಟೆಯವರು ನೀರಿಗೆ ಪಟ್ಟ ಪಾಡು ಇಲ್ಲಿನವರು ಯಾರೂ ಮರೆತಿಲ್ಲ. ಕುದ್ರುವಿನಲ್ಲಿ ಹೆಚ್ಚುಕಮ್ಮಿ ಪ್ರತಿ ಬೇಸಿಗೆಯೂ ಹಾಗೆ.

ಇನ್ನು ಜಾಗದ ಆಯ್ಕೆ. ಮೊದಲು ತೋಟದ ಯಜಮಾನರನ್ನು ಕೇಳಿ. ಖಾಲಿ ಕಂಡದ್ದೆಲ್ಲ ಖಾಲಿ ಅಲ್ಲ. ದಡದಲ್ಲಿ ಒಣಗಿದ ಕಸ, ತೆಂಗಿನ ಸಿಪ್ಪೆ, ಕಡ್ಡಿ ಒಂದು ಗೆರೆಯಾಗಿ ಬಿದ್ದಿರುತ್ತದೆ. ನೀರು ಏರುವುದು ಅಲ್ಲಿಯವರೆಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇನ್ನೂ ಮೇಲೆ ಬರುತ್ತದೆ. ಸನ್‌ಸೆಟ್ ಚಂದ ಕಾಣುತ್ತದೆ ಅಂತ ಹೊಯಿಗೆಯ ತುದಿಯಲ್ಲಿ ಟೆಂಟ್ ಹಾಕಿದರೆ ನಡುರಾತ್ರಿ ಚಾಪೆ ತೇಲುತ್ತದೆ. ತೆಂಗಿನ ಮರದ ಬುಡವೂ ಬೇಡ. ಫೋಟೋ ಚೆನ್ನಾಗಿ ಬರುತ್ತದೆ ನಿಜ, ಕಾಯಿ ಬೀಳುವಾಗ ಹೇಳಿ ಬೀಳುವುದಿಲ್ಲ. ಮೇ ತಿಂಗಳ ಸಂಜೆ ಘಟ್ಟದ ಕಡೆಯಿಂದ ಮೋಡ ಎದ್ದು ಗುಡುಗು ಶುರುವಾದರೆ ಟೆಂಟಿನಲ್ಲಿ ಕೂರಬೇಡಿ, ಮನೆಯೊಳಗೆ ಹೋಗಿ. ಇದಕ್ಕಾದರೂ ಹತ್ತಿರದಲ್ಲಿ ಜನ ಇರಬೇಕು, ಅಲ್ವಾ?

ಟೆಂಟಿನ ಬಾಗಿಲು ಪೂರ್ವ ಪಶ್ಚಿಮ ಎರಡೂ ಕಡೆ ತೆರೆಯುವ ಹಾಗೆ ಇರಲಿ. ಮಧ್ಯಾಹ್ನ ಗಾಳಿ ಸಮುದ್ರದಿಂದ ಬರುತ್ತದೆ, ರಾತ್ರಿ ತಿರುಗಿ ನೆಲದ ಕಡೆಯಿಂದ. ಎರಡರ ನಡುವೆ ಗಾಳಿ ಸತ್ತಂತೆ ನಿಂತಾಗ ಬರುವ ಸೆಕೆಗೆ ಮದ್ದಿಲ್ಲ. ಒಂದು ಬೈರಾಸು (ಟವೆಲ್) ಒದ್ದೆ ಮಾಡಿ ಕೊರಳಿಗೆ ಹಾಕಿಕೊಳ್ಳಿ. ಗಾಳಿಮರದ ಒಣ ಎಲೆ ಬಿದ್ದ ಕಡೆ ಬೆಂಕಿ ಹಾಕಲೇಬಾರದು. ವಾಪಸ್ ಹೊರಡುವ ಹೊತ್ತನ್ನು ನೀವು ನಿರ್ಧರಿಸಬೇಡಿ, ದೋಣಿಯವರನ್ನು ಕೇಳಿ. ಇಳಿತದಲ್ಲಿ ದೋಣಿ ಕೆಸರಿಗೆ ಕೂತರೆ ನಿಮ್ಮ ರೈಲು ಹೋದಂತೆಯೇ.

ಬೇಸಿಗೆಯೇ ಬೇಕು ಅನ್ನುವವರು ಫೆಬ್ರವರಿ ಕೊನೆಗೆ ಬನ್ನಿ, ತಡ ಅಂದರೆ ಮಾರ್ಚ್ ಮೊದಲ ವಾರ. ಬಾವಿಗಳಲ್ಲಿ ಇನ್ನೂ ಸ್ವಲ್ಪ ಸಿಹಿ ಉಳಿದಿರುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ಮಕ್ಕಳ ರಜೆಯಿಂದಾಗಿ ಏಪ್ರಿಲ್, ಮೇ ತಿಂಗಳಲ್ಲೇ ಬರುವುದಾದರೆ ಒಬ್ಬರಿಗೆ ದಿನಕ್ಕೆ ಕುಡಿಯಲೇ 4 ಲೀಟರ್, ಅಡುಗೆಗೆ, ಪಾತ್ರೆಗೆ ಇನ್ನೊಂದು 4 ಲೀಟರ್ ಲೆಕ್ಕ ಹಿಡಿಯಿರಿ. 20 ಲೀಟರಿನ ಕ್ಯಾನ್‌ಗಳನ್ನು ದಡದಲ್ಲೇ ತುಂಬಿಸಿ ದೋಣಿಗೆ ಹಾಕಿ. ಮನೆಯವರಿಗೆಂದು ಒಂದು ಕ್ಯಾನ್ ಜಾಸ್ತಿ ಇರಲಿ.

ಈ ಸಲ ಬರುವವರು ಎಷ್ಟು ಜನ, ಎಷ್ಟು ರಾತ್ರಿ, ಎಷ್ಟು ಕ್ಯಾನ್ ಅಂತ ಮೊದಲು ಬರೆದು ಕಳಿಸಿ. ಲೆಕ್ಕ ಸರಿ ಇದ್ದರೆ ಬಾಯಮ್ಮನನ್ನು ಕೇಳಿ ನೋಡುತ್ತೇನೆ. ಅವರು ಹೂಂ ಅಂದರೆ ದೋಣಿಯವರ ನಂಬರ್ ಕೊಡುತ್ತೇನೆ.