ಅಳಿಸಿಹೋದ ಎರಡು ಫೋಟೊ

2014ರ ಆಗಸ್ಟ್, ಒಂದು ಶುಕ್ರವಾರ. ಸುಡಾನಿನಲ್ಲಿ ರಜಾ ದಿನ. ಕೆಲಸಕ್ಕೆಂದು ಖಾರ್ತೂಮಿಗೆ ಬಂದು ತಿಂಗಳಾಗಿದ್ದರೂ ನಾನಿನ್ನೂ ಅಲ್-ಮೊಗ್ರನ್, ಅಂದರೆ ಎರಡು ನೈಲ್‌ಗಳ ಸಂಗಮ, ನೋಡಿರಲಿಲ್ಲ. ಡ್ರೈವರ್ ಒಮ್ದುರ್ಮಾನಿನವರು, ವಯಸ್ಸಾದವರು. ಬಿಳಿ ನೈಲ್ ಸೇತುವೆಯ ಹತ್ತಿರ ಕಾರು ನಿಲ್ಲಿಸಿದರು.

ಒಂದು ಕಡೆ ನೀಲಿ, ಇನ್ನೊಂದು ಕಡೆ ಹಾಲುಬಿಳುಪು ಕಾಣುತ್ತದೆ ಅಂದುಕೊಂಡು ಹೋಗಿದ್ದೆ. ಕಂಡದ್ದು ಕೆಮ್ಮಣ್ಣು ಕದಡಿದ ನೀರು. ಇಥಿಯೋಪಿಯಾದ ಬೆಟ್ಟಗಳಲ್ಲಿ ಅದು ಮಳೆಗಾಲ. ನೀಲಿ ನೈಲ್ ಅಲ್ಲಿಯ ಮಣ್ಣನ್ನೆಲ್ಲ ಬಾಚಿಕೊಂಡು ನುಗ್ಗುತ್ತಿತ್ತು. ಅದರ ರಭಸಕ್ಕೆ ಬಿಳಿ ನೈಲ್ ಮುಂದೆ ಹರಿಯಲಾಗದೆ ಕೆರೆಯ ಹಾಗೆ ಹಿಂದೆ ನಿಂತುಬಿಟ್ಟಿತ್ತು. "ಇದ್ಯಾವ ನೀಲಿ?" ಅಂದೆ. "ಅರಬ್ಬಿಯಲ್ಲಿ ನೀಲಿಗೆ ಅಜ್ರಕ್. ನಮ್ಮಲ್ಲಿ ಕಪ್ಪಿಗೂ ಅದೇ ಮಾತು" ಅಂದರು.

ಎರಡು ಫೋಟೊ ತೆಗೆದಿದ್ದೆನೋ ಇಲ್ಲವೋ, ಪೊಲೀಸಪ್ಪ ಹಾಜರ್. "ಮಮ್ನೂ!" ನಿಷಿದ್ಧ. ಚೌಕಾಸಿ ನಡೆಯಲಿಲ್ಲ. ಎರಡನ್ನೂ ಅವನೆದುರೇ ಅಳಿಸಿದೆ. "ಹಿಂದೀ?" (ಭಾರತದವನಾ?) ಎಂದು ಕೇಳಿ, ಅಮಿತಾಭ್ ಬಚ್ಚನ್ ಹೆಸರು ಹೇಳಿ ನಕ್ಕ. ಆದರೂ ಕ್ಯಾಮೆರಾ ಚೀಲಕ್ಕೆ ಹೋಗುವವರೆಗೆ ಕದಲಲಿಲ್ಲ.

ಮರದಡಿ ಚಹಾ ಮಾರುವ ಹೆಂಗಸಿನ ಮುಂದೆ ಗಿಡ್ಡ ಸ್ಟೂಲ್‌ಗಳಲ್ಲಿ ಕೂತೆವು. ಸೀರೆಯಂತೆ ಮೈಗೆ ಸುತ್ತಿದ ತೋಬ್, ಇದ್ದಿಲ ಒಲೆ, ಸಾಲಾಗಿ ಲವಂಗ, ಏಲಕ್ಕಿ, ಒಣಶುಂಠಿಯ ಡಬ್ಬಿಗಳು. ಪುಟ್ಟ ಗಾಜಿನ ಲೋಟದ ತಳದಲ್ಲಿ ಒಂದು ಬೆರಳು ಸಕ್ಕರೆ! ಕದಡದೆ ಕುಡಿದರೂ ಪಾನಕ. ಡ್ರೈವರ್ ಇನ್ನೂ ನಗುತ್ತಲೇ ಇದ್ದರು: "ಫೋಟೊ ನೋಡಿಕೊಂಡು ಯಾರಾದರೂ ಸೇತುವೆ ಉರುಳಿಸಿಬಿಟ್ಟಾರು ಅಂತ ಇವರಿಗೆ ಭಯ." ಆಮೇಲೆ ಒಮ್ದುರ್ಮಾನಿನ ಸಂತೆ ಸುತ್ತಿ, ಶಂಬಾತ್ ಸೇತುವೆ ದಾಟಿ ಬಹ್ರಿಯಲ್ಲಿದ್ದ (ಉತ್ತರ ಖಾರ್ತೂಮ್) ಮನೆಗೆ ಬಂದೆವು.

2023ರ ಏಪ್ರಿಲ್ 15ಕ್ಕೆ ಅಲ್ಲಿ ಯುದ್ಧ ಶುರುವಾಯಿತು. ಸೈನ್ಯ ಒಂದು ಕಡೆ, ಅರೆಸೈನಿಕ ಪಡೆ ಇನ್ನೊಂದು ಕಡೆ. ಭಾರತೀಯರನ್ನು ಕರೆತರುವ ಕಾರ್ಯಾಚರಣೆಗೆ 'ಕಾವೇರಿ' ಎಂದು ಹೆಸರಿಟ್ಟರು. ಅಲ್ಲಿ ಸಿಕ್ಕಿಬಿದ್ದ ನಮ್ಮ ಹಕ್ಕಿಪಿಕ್ಕಿಗಳ ಸುದ್ದಿ ಇಲ್ಲಿ ದಿನವೂ ಬರುತ್ತಿತ್ತು. ನವೆಂಬರಿನಲ್ಲಿ ಶಂಬಾತ್ ಸೇತುವೆ ಮುರಿದುಬಿತ್ತು. ಎರಡೂ ಪಡೆಗಳು ಒಬ್ಬರ ಮೇಲೊಬ್ಬರು ದೂರು ಹಾಕಿದವು. ಮುರಿದ ಸೇತುವೆಯ ಫೋಟೊ ಮೊಬೈಲಿಗೆ ಬಂದಾಗ ನನಗೆ ನೆನಪಾದದ್ದು ಡ್ರೈವರ್ ಸಾಹೇಬರ ನಗು.