ಮೋಟರ್ ತಾನೇ ನಿಲ್ಲುತ್ತಿದ್ದ ಕಥೆ

ನೀರಿನ ಟ್ಯಾಂಕು ತುಂಬಿದಾಗ ಮೋಟರ್ ತಾನೇ ನಿಲ್ಲುವಂತೆ ಮಾಡುವ ಕೆಲಸ, ಮೂರನೇ ತಿಂಗಳು. ಹೋದ ತಿಂಗಳ ಟಿಪ್ಪಣಿಯಲ್ಲಿ "ಇನ್ನು ಮುಗೀತು" ಅಂತ ಬರೆದಿದ್ದೆ. ಮುಗಿದಿರಲಿಲ್ಲ.

ಬೆಂಗಳೂರಿನ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ಬರುತ್ತದೆ. ಮೊದಲು ಸಂಪು, ಅಲ್ಲಿಂದ 1 ಎಚ್‌ಪಿ ಮೋಟರ್, ಅಲ್ಲಿಂದ ತಾರಸಿಯ 1000 ಲೀಟರ್ ಟ್ಯಾಂಕು. ಮೋಟರ್ ಹಾಕಿ ಮರೆಯುವುದು, ಎದುರು ಮನೆಯವರು ನೀರು ಹರಿಯುತ್ತಿದೆ ಎಂದು ಕೂಗುವುದು, ಅಮ್ಮ ಒಲೆ ಮೇಲಿನ ಒಗ್ಗರಣೆ ಬಿಟ್ಟು ಓಡುವುದು: ಇದನ್ನು ತಪ್ಪಿಸಲೆಂದೇ ಕೈ ಹಾಕಿದ್ದು.

ಈಗಿನ ವ್ಯವಸ್ಥೆ ಹೀಗಿದೆ. ಟ್ಯಾಂಕಿನ ಮುಚ್ಚಳದಲ್ಲಿ ನೀರು ತಾಗಿದರೂ ಕೆಡದ, ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಅದರ ಪಕ್ಕ ಡಬ್ಬಿಯೊಳಗೆ ವೈಫೈ ಇರುವ ಪುಟ್ಟ ಚಿಪ್, ಒಂದು ಇಎಸ್‌ಪಿ32. ಮೆಟ್ಟಿಲ ಕೆಳಗೆ ಮೋಟರ್ ಪ್ಯಾನೆಲ್ಲಿನಲ್ಲಿ ಇನ್ನೊಂದು ಇಎಸ್‌ಪಿ32. ಎರಡರಲ್ಲೂ ಓಡುವ ಸಾಫ್ಟ್‌ವೇರ್ ಇಎಸ್‌ಪಿಹೋಮ್. ಇವನ್ನು ಆಡಿಸುವ ಸರ್ವರ್ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್ ಕೂತಿರುವುದು ಕೀಬೋರ್ಡ್ ಅರ್ಧ ಸತ್ತ ಹಳೇ ಲ್ಯಾಪ್‌ಟಾಪಿನಲ್ಲಿ. ಮೊದಲು ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇತ್ತು. ಕರೆಂಟ್ ಹೋಗಿ ಬರುವ ಆಟದಲ್ಲಿ ಅದರ ಎಸ್‌ಡಿ ಕಾರ್ಡ್ ಎರಡು ಸಲ ಕೆಟ್ಟಿತು. ಲ್ಯಾಪ್‌ಟಾಪಿಗಾದರೆ ಬ್ಯಾಟರಿಯೇ ಯುಪಿಎಸ್. ಸುಮಾರು 15 ವ್ಯಾಟ್ ಎಳೆಯುತ್ತದೆ, ತಿಂಗಳಿಗೆ 11 ಯೂನಿಟ್ ಹತ್ತಿರ. ಸದಾ ಚಾರ್ಜರಿಗೆ ಅಂಟಿಕೊಂಡ ಬ್ಯಾಟರಿ ಊದಿಕೊಳ್ಳಬಾರದೆಂದು ಚಾರ್ಜನ್ನು 60 ಶೇಕಡಕ್ಕೆ ಕಟ್ಟಿಹಾಕಿದ್ದೇನೆ.

ಸೆನ್ಸರ್ ಕಥೆ ಚಿಕ್ಕದು. ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರಿಗಿಂತ ಹತ್ತಿರಕ್ಕೆ ನೀರು ಬಂದರೆ ಅದಕ್ಕೆ ಕಾಣುವುದಿಲ್ಲ, ಬಾಯಿಗೆ ಬಂದ ಸಂಖ್ಯೆ ಹೇಳುತ್ತದೆ. ಹಾಗಾಗಿ 30 ಸೆಂಟಿಮೀಟರ್ ಉಳಿದಾಗಲೇ "ತುಂಬಿತು" ಎಂದು ಲೆಕ್ಕ. ಬೆಳಿಗ್ಗೆ ಅದರ ಮೂತಿಗೆ ಹನಿ ಕಟ್ಟಿದರೂ ಲೆಕ್ಕ ತಪ್ಪುತ್ತದೆ. ಏಳು ಅಳತೆ ತೆಗೆದುಕೊಂಡು ನಡುವಿನದನ್ನು ಮಾತ್ರ ನಂಬು ಅಂತ ಮೀಡಿಯನ್ ಫಿಲ್ಟರ್ ಹಾಕಿದ ಮೇಲೆ ತೆಪ್ಪಗಿದೆ.

ನಿಜವಾದ ರಗಳೆ ಶುರುವಾದದ್ದು ನಾನು ಒಂದು ವಾರ ಊರಿಗೆ ಹೋದಾಗ. ಅಮ್ಮನ ಫೋನು: "ಏನೋ ಇದು, ಮೋಟರ್ ಹಾಕಿದ್ರೆ ತಾನೇ ನಿಂತ್ಹೋಗತ್ತೆ. ಮೂರು ಸಲ ಹಾಕ್ದೆ." ಒಮ್ಮೆ ಹನ್ನೆರಡು ನಿಮಿಷ ಓಡಿತಂತೆ, ಒಮ್ಮೆ ನಾಲ್ಕೇ ನಿಮಿಷ. ಮೋಟರ್ ಬಿಸಿಯಾಗಿ ಟ್ರಿಪ್ ಆಗುತ್ತಿದೆ ಎಂದು ನಾನು ಅಲ್ಲಿಂದಲೇ ತೀರ್ಪು ಕೊಟ್ಟೆ. ಅಮ್ಮ ಎಲೆಕ್ಟ್ರೀಷಿಯನ್ನನ್ನು ಕರೆಸಿದರು. ಅವರು ಕೆಪಾಸಿಟರ್ ಬದಲಾಯಿಸಿ ದುಡ್ಡು ತೆಗೆದುಕೊಂಡು ಹೋದರು. ಮೋಟರ್ ಮತ್ತೆ ನಿಂತಿತು.

ವಾಪಸ್ ಬಂದು ನೋಡಿದರೆ ಲ್ಯಾಪ್‌ಟಾಪ್ ಸತ್ತು ಬಿದ್ದಿದೆ, ಚಾರ್ಜರ್ ಕೈಕೊಟ್ಟಿತ್ತು. ಅದು ಸತ್ತರೆ ಮೋಟರಿಗೇನು? ಪ್ಯಾನೆಲ್ಲಿನ ಇಎಸ್‌ಪಿಗೆ ತನ್ನದೇ ಒಂದು ಪುಟ್ಟ ವೆಬ್ ಪುಟ ಇದೆ, ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಎಂಬುದನ್ನು ಅದು ತೋರಿಸುತ್ತದೆ. ಮೊಬೈಲಿನಲ್ಲಿ ತೆರೆದು ಮೆಟ್ಟಿಲ ಮೇಲೆ ಕೂತೆ. 13 ನಿಮಿಷ, 14 ನಿಮಿಷ, ಆಮೇಲೆ ಸೊನ್ನೆ. ಇನ್ನೊಂದು ಸುತ್ತು ಕಾದೆ. ಮತ್ತೆ ಸೊನ್ನೆ.

ಹೋಮ್ ಅಸಿಸ್ಟೆಂಟ್ 15 ನಿಮಿಷ ಮಾತಾಡಿಸದಿದ್ದರೆ "ಎಲ್ಲೋ ನನ್ನದೇ ತಪ್ಪಿರಬೇಕು" ಎಂದು ಇಎಸ್‌ಪಿಹೋಮ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ನಾವು ಬದಲಾಯಿಸದ ಹೊರತು ಅದರ ಕ್ರಮವೇ ಅದು. ವೈಫೈ ಸಿಗದಿದ್ದರೂ ಅಷ್ಟೇ. ರೀಬೂಟ್ ಆದಾಗ ಚಿಪ್ ಆಡಿಸುವ ಸ್ವಿಚ್, ಅಂದರೆ ರಿಲೇ ಆಫ್, ರಿಲೇ ಆಫ್ ಆದರೆ ಮೋಟರ್ ಆಫ್. ಅಮ್ಮ ಆ ಕಾಲು ಗಂಟೆಯ ಯಾವ ಘಳಿಗೆಯಲ್ಲಿ ಗುಂಡಿ ಒತ್ತಿದ್ದರೋ ಉಳಿದಷ್ಟು ಹೊತ್ತು ಓಡಿದೆ. ಕೆಪಾಸಿಟರ್ ಪಾಪ ನಿರಪರಾಧಿ.

ಹೋಮ್ ಅಸಿಸ್ಟೆಂಟಿಗೊಂದು, ವೈಫೈಗೊಂದು, ಹೀಗೆ ಎರಡು ಕಡೆ ಇರುವ ಆ 15 ನಿಮಿಷದ ರೀಬೂಟ್ ಟೈಮ್‌ಔಟನ್ನು 0 ಮಾಡಿದರೆ ಇದು ಸರಿಹೋಗುತ್ತದೆ, ಮಾಡಿದೆ. ಆದರೆ ಅವತ್ತು ರಾತ್ರಿ ಕಾಡಿದ್ದು ಬೇರೆ: ಪ್ಯಾನೆಲ್ಲಿನ ಹಸಿರು ಗುಂಡಿಯ ವೈರನ್ನು ಕಿತ್ತು ಇಎಸ್‌ಪಿಗೆ ಕೊಟ್ಟವನು ನಾನೇ. ಇಪ್ಪತ್ತು ವರ್ಷ ತಕರಾರಿಲ್ಲದೆ ನಡೆದ ಗುಂಡಿ, ನನ್ನ ಚಿಪ್ಪಿನ ಅಪ್ಪಣೆ ಕೇಳುವಂತಾಗಿತ್ತು.

ಹಾಗಾಗಿ ಭಾನುವಾರ ಪೂರ್ತಿ ವೈರಿಂಗ್. ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ಎರಡೆರಡು ಸಲ ನೋಡಿದ ಮೇಲೇ ಒಳಗೆ ಕೈ. ಹಸಿರು, ಕೆಂಪು ಗುಂಡಿಗಳು ಮೊದಲಿನಂತೆ ನೇರವಾಗಿ ಕಾಂಟ್ಯಾಕ್ಟರಿಗೆ, ಅಂದರೆ ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಿಗೆ. ಇಎಸ್‌ಪಿಯ ಒಂದು ರಿಲೇ ಹಸಿರು ಗುಂಡಿಗೆ ಸಮಾನಾಂತರವಾಗಿ, ಅರ್ಧ ಸೆಕೆಂಡ್ ಒತ್ತಿ ಬಿಡುತ್ತದೆ ಅಷ್ಟೇ. ಇನ್ನೊಂದು ರಿಲೇ, ನಿಲ್ಲಿಸುವ ಕೆಂಪು ಗುಂಡಿಯ ಸಾಲಿನಲ್ಲಿ. ಒಮ್ಮೆ ಹಿಡಿದ ಕಾಂಟ್ಯಾಕ್ಟರ್ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ, ಇಎಸ್‌ಪಿ ಎದ್ದರೂ ಬಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ, ಬಂದಾಗ ಮಧ್ಯರಾತ್ರಿ ತಾನಾಗಿ ಶುರುವಾಗುವುದೂ ಇಲ್ಲ. ಟ್ಯಾಂಕಿನೊಳಗೆ ನೀರು ಏರಿದಾಗ ತೇಲಿ ಸಂಪರ್ಕ ಕಡಿಯುವ ಒಂದು ಫ್ಲೋಟ್ ಸ್ವಿಚ್ ಇಳಿಬಿಟ್ಟು ಅದನ್ನೂ ಇದೇ ಸಾಲಿಗೆ ಸೇರಿಸಿದೆ. ಈಗ ಕಂಪ್ಯೂಟರ್ ಒಂದೂ ಇಲ್ಲದಿದ್ದರೂ ಟ್ಯಾಂಕು ಉಕ್ಕುವುದಿಲ್ಲ.

ಇಎಸ್‌ಪಿಗೆ ಉಳಿದ ದೊಡ್ಡ ಕೆಲಸ ಆಂಪಿಯರ್ ನೋಡುವುದು. ನೀರು ಎತ್ತುವಾಗ ನಮ್ಮ ಮೋಟರ್ 5.2 ಎಳೆಯುತ್ತದೆ, ಸಂಪು ಬರಿದಾದರೆ 3ರ ಆಸುಪಾಸಿಗೆ ಇಳಿಯುತ್ತದೆ. ಹತ್ತು ಸೆಕೆಂಡ್ ಹಾಗೇ ಇದ್ದರೆ ನಿಲ್ಲಿಸು ಎಂದಿದ್ದೇನೆ.

ಅಡುಗೆಮನೆಗೆ ನಾಲ್ಕಂಕಿಯ ಕೆಂಪು ಡಿಸ್‌ಪ್ಲೇ ಬಂದಿದೆ, ಟ್ಯಾಂಕ್ ಎಷ್ಟು ಶೇಕಡ ಎಂದು ತೋರಿಸಲು. ನಾನು ಒಪ್ಪವಾಗಿ ಮಾಡಿದ ಮೊಬೈಲ್ ಡ್ಯಾಶ್‌ಬೋರ್ಡನ್ನು ಅಮ್ಮ ಒಮ್ಮೆಯೂ ತೆರೆದಿಲ್ಲ. ಇದನ್ನು ಮಾತ್ರ ದಿನಾ ನೋಡುತ್ತಾರೆ. ಸರ್ವರ್ ಸತ್ತರೆ ನಾಲ್ಕು ಗೆರೆ ಬರುತ್ತವೆ. "ನಾಮ ಹಾಕ್ಕೊಂಡಿದೆ ಕಣೋ" ಅನ್ನುತ್ತಾರೆ. ನನಗೆ ಅದಕ್ಕಿಂತ ಒಳ್ಳೆಯ ಅಲರ್ಟ್ ಬೇಕಿಲ್ಲ.

ಅದೇ ಲ್ಯಾಪ್‌ಟಾಪಿನಲ್ಲಿ ಕಾಗದಪತ್ರಗಳ ಸ್ಕ್ಯಾನ್ ಜೋಡಿಸಿಡುವ ಪೇಪರ್‌ಲೆಸ್ ಕೂಡ ಓಡುತ್ತಿದೆ. ಕರೆಂಟ್ ಬಿಲ್ಲಿನ ಥರ್ಮಲ್ ಕಾಗದ ಆರು ತಿಂಗಳಿಗೆ ಬೆಳ್ಳಗಾಗುತ್ತದಲ್ಲ, ಬಂದ ದಿನವೇ ಸ್ಕ್ಯಾನ್. ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟಿಗೆ ಕನ್ನಡ ಭಾಷೆ ಸೇರಿಸಿದ ಮೇಲೆ ಕನ್ನಡ ಅಕ್ಷರದಲ್ಲೇ ಹುಡುಕಬಹುದು. ಒತ್ತಕ್ಷರಗಳಲ್ಲಿ ಎಡವುತ್ತದೆ, ಅಂಕಿಗಳಲ್ಲಿ ಪರವಾಗಿಲ್ಲ.

ಬಾಕಿ ಇರುವುದು ಸಂಪಿನ ಮಟ್ಟ. ಸೆನ್ಸರ್ ಜೊತೆಗೆ ಇಎಸ್‌ಪಿಯನ್ನೂ ಒಳಗೇ ಇಟ್ಟು ನೋಡಿದೆ. ಮುಚ್ಚಳ ಕಬ್ಬಿಣದ್ದು, ಮುಚ್ಚಿದ ತಕ್ಷಣ ವೈಫೈ ಮಾಯ. ಮುಂದಿನ ವಾರ ಕೇಬಲ್ಲನ್ನು ಅಂಚಿನಿಂದ ಹೊರಗೆ ತೆಗೆದು ಡಬ್ಬಿಯನ್ನು ಗೋಡೆಗೆ ಹೊಡೆಯಬೇಕು. ಡ್ರಿಲ್ ಮಾಡಲು ಅಮ್ಮನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.