ಎಬ್ಬಿಸಿದ್ದು ಯಾರು?

ಭಾನುವಾರದಿಂದ ಆಯಮ್ಮನ ಮಾತು ತಲೆಯಲ್ಲೇ ಕೂತಿದೆ. ತಿಪಟೂರಿನ ಹತ್ತಿರ ಚಿಕ್ಕಪ್ಪನ ರಾಗಿ ಹೊಲ. ಪೈರು ಗೇಣುದ್ದ, ಅಣ್ಣೆ ಸೊಪ್ಪಿನ ಕಳೆ ಅದಕ್ಕಿಂತ ಎತ್ತರ. ಚಿಕ್ಕಪ್ಪ ಬದುವಿನ ಮೇಲೆ ನಿಂತು "ಹಾಳಾದ್ದು, ಎಲ್ಲಿಂದ ಬಂತೋ" ಅಂತ ಬೈಯುತ್ತಿದ್ದರು. ಕಳೆ ಕೀಳುತ್ತಿದ್ದ ಆಯಮ್ಮ ಬಗ್ಗಿದ ಬೆನ್ನು ಎತ್ತದೆ, "ಮಲಗಿದ್ದೋರ್ನ ನೀವೇ ಎಬ್ಬಿಸಿ ಈಗ ಬೈದ್ರೆ ಏನ್ ಬಂತು ಗೌಡ್ರೆ?" ಅಂದರು.

ಚಿಕ್ಕಪ್ಪನಿಗೆ ಹೊಲದಲ್ಲಿ ಒಂದು ಹೆಂಟೆಯೂ ಕಾಣಬಾರದು. ಬಿತ್ತುವ ಮುಂಚೆ, ಟ್ರಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ಮೇಲೆ ರೋಟವೇಟರ್ ಹೊಡೆಸಿದ್ದರು. ಟ್ರಾಕ್ಟರ್ ತಿರುಗದ ಮೂಲೆಯಲ್ಲಿ ಮಾತ್ರ, ಮಳೆ ಬಿದ್ದು ಕಳೆ ಹುಟ್ಟಿದ ಮೇಲೆ, ಎತ್ತು ಕಟ್ಟಿ, ಮೇಲ್ಮಣ್ಣಷ್ಟೇ ಕೆರೆಯುವ ಹಾಗೆ ತೇಲಿಸಿ ಕುಂಟೆ ಹೊಡೆದು ಬಿತ್ತಿದ್ದರು. ಆ ಮೂಲೆಯಲ್ಲಿ ರಾಗಿ ಸಾಲು ಸಾಲಾಗಿ ಕಾಣುತ್ತಿತ್ತು.

ಬದುವಿನಲ್ಲಿ ಮೊದಲೇ ಬಲಿತಿದ್ದ ಒಂದು ಅಣ್ಣೆ ತೆನೆಯನ್ನು ಅಂಗೈಯಲ್ಲಿ ಉಜ್ಜಿದೆ. ಕಪ್ಪಗೆ, ಮಿರಮಿರ ಹೊಳೆಯುವ ಬೀಜ, ಸಾಸಿವೆಗಿಂತ ಸಣ್ಣದು. ಇಂಥ ಪುಟ್ಟ ಬೀಜಗಳಲ್ಲಿ ಎಷ್ಟೋ ಜಾತಿಯವು ಬೆಳಕು ತಾಗಿದರೇನೇ ಏಳುವುದು. ಆಳದಲ್ಲಿ ಸುಮ್ನೆ ಬಿದ್ದಿರುತ್ತವೆ. ನೆಲ ಮಗುಚಿದಾಗ ಒಂದು ಕ್ಷಣ ಬಿಸಿಲು ಕಂಡರೂ ಸಾಕು, ಮತ್ತೆ ಮಣ್ಣು ಮುಚ್ಚಿದರೂ ಮೊಳೆಯಬಲ್ಲವು. ಜೊತೆಗೆ ಗಾಳಿ, ಹಗಲು ಕಾವು, ರಾತ್ರಿ ತಂಪು. ಆಳವಾಗಿ ಉತ್ತರೆ ಮೇಲಿನ ಬೀಜ ಕೆಳಗೆ ಹೋಗುತ್ತದೆ, ನಿಜ. ಹಳೇದು ಮೇಲೆ ಬರುತ್ತದಲ್ವಾ? ಜೇಕು ಅನ್ನುವ ಹುಲ್ಲಿನಂಥ ಕಳೆಯದು ಬೇರೆ ಕಥೆ. ಅದಕ್ಕೆ ಬೀಜಕ್ಕಿಂತ ಗಡ್ಡೆಯೇ ಮುಖ್ಯ. ರೋಟವೇಟರ್ ಗಡ್ಡೆಗಳ ಸರವನ್ನು ಕತ್ತರಿಸಿ ಹೊಲವೆಲ್ಲ ಹಂಚುತ್ತದೆ.

ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಮೇಷ್ಟ್ರು 1879ರಲ್ಲಿ ಕಳೆ ಬೀಜಗಳನ್ನು ಮರಳಿನ ಜೊತೆ 20 ಬಾಟಲಿಗಳಲ್ಲಿ ತುಂಬಿ ಹೂತಿಟ್ಟರು. 2021ರಲ್ಲಿ ಒಂದನ್ನು ತೆಗೆದವರು ಬೆಳಗಾಗುವ ಮುಂಚೆ, ಕತ್ತಲಲ್ಲೇ ಅಗೆದರು, ಬೀಜಕ್ಕೆ ಬಿಸಿಲು ತಾಗಬಾರದು ಅಂತ. 142 ವರ್ಷ ಮಲಗಿದ್ದ ಬೀಜಗಳಲ್ಲಿ ಕೆಲವು ಮೊಳೆತವು. ಕೊನೆಯ ಬಾಟಲಿ ತೆಗೆಯುವುದು 2100ಕ್ಕೆ.

ಅಲ್ಲಿ ಅಷ್ಟು ಜೋಪಾನ. ನಮ್ಮಲ್ಲಿ ಟ್ರಾಕ್ಟರ್ ಕರೆಸುವವರು ಗಂಡಸರು, ಎಷ್ಟು ಸಲ ಹೊಡೆಯಬೇಕು ಅನ್ನುವವರೂ ಅವರೇ. ಎದ್ದು ಬಂದದ್ದನ್ನು ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಕೀಳುವವರು ಹೆಂಗಸರು. ಆಯಮ್ಮನಷ್ಟು ಹತ್ತಿರದಿಂದ ಆ ಮಣ್ಣು ನೋಡಿದವರು ಆ ಬದುವಿನ ಮೇಲೆ ಯಾರೂ ಇರಲಿಲ್ಲ. "ಮಲಗಿದ್ದೋರ್ನ ನೀವೇ ಎಬ್ಬಿಸಿ..." ಚಿಕ್ಕಪ್ಪ ಒಳ್ಳೆಯವರು, ಆದರೆ ಆ ಮಾತಿಗೆ ನಕ್ಕು ಸುಮ್ಮನಾದದ್ದು ನನಗೆ ಸರಿ ಕಾಣಲಿಲ್ಲ.

ನಿನ್ನೆ ಫೋನ್ ಮಾಡಿ ಹೇಳಿದೆ. ಬರುವ ಮುಂಗಾರಿಗೆ ಅರ್ಧ ಹೊಲವನ್ನಾದರೂ ಆ ಮೂಲೆಯ ಹಾಗೇ ಮಾಡಿ, ಎಷ್ಟು ಹೊಡೆಸಬೇಕು ಅಂತ ಆಯಮ್ಮನನ್ನೇ ಕೇಳಿ ಅಂತ. "ಮಳೆ ನೋಡ್ಕೊಂಡು ಹೇಳ್ತೀನಿ ಕಣಪ್ಪ" ಅಂದಿದ್ದಾರೆ.